ಭಕ್ತರು ಮತಗಟ್ಟೆಗೆ ಬರಲೇಬೇಕು

ನಾನಿರುವ ಆಸ್ಟ್ರೇಲಿಯಾದಲ್ಲಿ ಮತ ಹಾಕುವುದು ಕಡ್ಡಾಯ. ಸಂಸತ್ ಚುನಾವಣೆಯಲ್ಲಿ ತಪ್ಪಿಸಿಕೊಂಡರೆ ಮನೆಗೆ ನೋಟಿಸ್ ಬರುತ್ತದೆ, ಸರಿಯಾದ ಕಾರಣ ಕೊಡದಿದ್ದರೆ 20 ಡಾಲರ್ ದಂಡ. ಅದೇ ಕಾನೂನಿನಲ್ಲಿ ಒಂದು ವಿನಾಯಿತಿಯೂ ಇದೆ. ಮತ ಹಾಕದೇ ಇರುವುದೇ ತನ್ನ ಧಾರ್ಮಿಕ ಕರ್ತವ್ಯ ಎಂದು ಒಬ್ಬರು ನಂಬಿದ್ದರೆ, ಅದನ್ನು ಸರಿಯಾದ ಕಾರಣ ಅಂತ ಒಪ್ಪಿಕೊಳ್ಳಬೇಕು. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರು ಹೀಗೆ ದೂರ ಉಳಿಯುತ್ತಾರೆ. ಅವರ ನಿಲುವನ್ನು ನಾನು ಒಪ್ಪುವುದಿಲ್ಲ, ಆದರೆ ಅದಕ್ಕೆ ಜಾಗ ಕೊಟ್ಟ ಕಾನೂನಿನ ಬಗ್ಗೆ ತುಂಬಾ ಗೌರವವಿದೆ.

ನಮ್ಮವರು ದೂರ ಉಳಿಯುವುದು ಬೇರೆ ತರಹ. "ರಾಜಕೀಯ ಬರೀ ಹೊಲಸು, ನಮಗ್ಯಾಕೆ ಅದು, ದೇವರ ಧ್ಯಾನ ಮಾಡ್ಕೊಂಡು ಇದ್ದುಬಿಡೋಣ" ಅನ್ನುವ ಮಾತನ್ನು ಊರಲ್ಲೂ ಕೇಳಿದ್ದೇನೆ, ಇಲ್ಲಿನ ಭಜನೆ ಕೂಟಗಳಲ್ಲೂ ಕೇಳಿದ್ದೇನೆ. ಇದು ಬೇಸರ ಅಷ್ಟೇ, ಇದಕ್ಕೆ ಭಕ್ತಿಯ ಹೆಸರು ಯಾಕೆ? ಹಸಿದವರಿಗೆ ಊಟ ಹಾಕುವುದು ಪುಣ್ಯ ಅಂತ ನಂಬುತ್ತೇವೆ. ಹಬ್ಬದ ದಿನ ನೂರು ಜನಕ್ಕೆ ಬಡಿಸುತ್ತೇವೆ. ಪಡಿತರ ಯಾರಿಗೆ ಸಿಗಬೇಕು, ಆಸ್ಪತ್ರೆಗೆ ಎಷ್ಟು ದುಡ್ಡು ಕೊಡಬೇಕು, ಶಾಲೆ ಎಲ್ಲಿ ಮುಚ್ಚಬೇಕು ಅಂತ ತೀರ್ಮಾನ ಮಾಡುವವರನ್ನು ಆರಿಸುವ ದಿನ ಮಾತ್ರ ಮನೆಯಲ್ಲಿ ಕೂತರೆ ಆ ನಂಬಿಕೆ ಅರ್ಧಕ್ಕೇ ನಿಂತಂತೆ, ಅಲ್ವಾ? ನನ್ನ ಮಟ್ಟಿಗೆ ಮತ ಹಾಕುವುದು ಸೇವೆಯೇ. ನನಗೆ ಗೊತ್ತೇ ಇಲ್ಲದ, ನನ್ನ ದೇವರನ್ನು ನಂಬದ ಜನರಿಗೂ ತಲುಪುವ ಸೇವೆ.

1922ರ ಚುನಾವಣೆಯಲ್ಲಿ ಇಲ್ಲಿ ಶೇ 60ರಷ್ಟು ಜನವೂ ಮತ ಹಾಕಿರಲಿಲ್ಲ. 1924ರಲ್ಲಿ ಕಡ್ಡಾಯದ ಕಾನೂನು ಬಂತು, 1925ರಲ್ಲಿ ಮತದಾನ ಶೇ 91 ದಾಟಿತು. ನಮ್ಮ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ 2024ರಲ್ಲೂ ಶೇ 55 ಮುಟ್ಟಲಿಲ್ಲ. ಹಾಗಂತ ಭಾರತದಲ್ಲೂ ದಂಡ ಹಾಕಿ ಅಂತ ನಾನು ಹೇಳುವುದಿಲ್ಲ. ದಿನಗೂಲಿಯವರಿಗೆ ಅದು ಜಾಸ್ತಿ ಹೊರೆ. ಒಳಗಿನಿಂದಲೇ ಕರ್ತವ್ಯ ಅನಿಸಬೇಕು, ಆ ಕೆಲಸ ಧರ್ಮದಿಂದ ಆಗಬಹುದು.

ಹೇಗೆ ಆಗಬಹುದು ಅನ್ನುವುದಕ್ಕೆ ಇಲ್ಲಿನ ಒಂದು ನೋಟ ಹೇಳುತ್ತೇನೆ. ಇಲ್ಲಿ ಎಷ್ಟೋ ಮತಗಟ್ಟೆಗಳು ಚರ್ಚಿನ ಹಾಲ್‌ನಲ್ಲೇ ಇರುತ್ತವೆ. ಗೇಟಿನ ಹತ್ತಿರ ಎಲ್ಲ ಪಕ್ಷದವರೂ ಚೀಟಿ ಹಿಡಿದು ನಿಂತಿರುತ್ತಾರೆ. ಬಾಗಿಲಿನಿಂದ ಆರು ಮೀಟರ್ ಒಳಗೆ ಪ್ರಚಾರ ಮಾಡುವಂತಿಲ್ಲ. ನಮ್ಮಲ್ಲಿ ಅದು ನೂರು ಮೀಟರ್. ಒಳಗೆ ಹೋದರೆ ಮೇಜಿನಲ್ಲಿ ಕೂತವರು ಹೆಸರು ಏನು, ವಿಳಾಸ ಏನು, ಈ ಚುನಾವಣೆಯಲ್ಲಿ ಆಗಲೇ ಮತ ಹಾಕಿದ್ದೀರಾ ಅಂತ ಕೇಳುತ್ತಾರೆ. ಹಸಿರು ಮತಪತ್ರ ತೆಗೆದುಕೊಂಡು, ರಟ್ಟಿನ ಮರೆಯಲ್ಲಿ ನಿಂತು, ಪೆನ್ಸಿಲ್‌ನಲ್ಲಿ ಅಭ್ಯರ್ಥಿಗಳಿಗೆ ನಮ್ಮ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಅಂತ ಅಂಕಿ ಬರೆಯಬೇಕು. ಚರ್ಚಿನವರು ಜಾಗ ಕೊಟ್ಟಿರುತ್ತಾರೆ, ಆದರೆ ಆ ಮರೆಯ ಹಿಂದೆ ಪಾದ್ರಿಗಳಿಗೆ ಕೆಲಸವಿಲ್ಲ. ಚರ್ಚುಗಳು ಇಲ್ಲೂ ರಾಜಕೀಯ ಮಾತಾಡುತ್ತವೆ, ಅದು ಬೇರೆ ವಿಷಯ.

ನಮ್ಮಲ್ಲಿ ಚುನಾವಣೆ ಬಂತೆಂದರೆ ಅಭ್ಯರ್ಥಿಗಳು ಮಠ, ದರ್ಗಾ, ಚರ್ಚು ಸುತ್ತಲು ಶುರು ಮಾಡುತ್ತಾರೆ. ಆಶೀರ್ವಾದ ಕೇಳುವುದು ತಪ್ಪಲ್ಲ. "ನಮ್ಮ ಸಮಾಜದ ಮತ ಇಂಥವರಿಗೆ" ಅಂತ ವೇದಿಕೆಯಿಂದ ಹೇಳಿಸುವುದು ತಪ್ಪು. ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆ ಪ್ರಕಾರ ಭ್ರಷ್ಟ ಆಚರಣೆ. ಮತದಾರನ ಧರ್ಮ ಮುಂದಿಟ್ಟು ಕೇಳಿದರೂ ಅಷ್ಟೇ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು. ಗುರುಗಳು "ಹೋಗಿ ಮತ ಹಾಕಿ ಬನ್ನಿ, ದುಡ್ಡು ಮುಟ್ಟಬೇಡಿ" ಅಂದರೆ ಸಾವಿರಾರು ಜನ ಕೇಳುತ್ತಾರೆ. ಅಷ್ಟು ಹೇಳಿ ನಿಲ್ಲಿಸಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಒಂದು ವಿಷಯದಲ್ಲಿ ಭಾರತದ ಮನಸ್ಸು ದೊಡ್ಡದು. 2022ರಲ್ಲಿ ಗುರು ರವಿದಾಸ್ ಜಯಂತಿಗಾಗಿ ಪಂಜಾಬಿನ ಮತದಾನವನ್ನು ಫೆಬ್ರವರಿ 14ರಿಂದ 20ಕ್ಕೆ ಹಾಕಿದರು. 2023ರಲ್ಲಿ ಮಿಜೋರಾಂನವರಿಗೆ ಭಾನುವಾರ ಪವಿತ್ರ ಅಂತ ಮತ ಎಣಿಕೆಯನ್ನೇ ಸೋಮವಾರಕ್ಕೆ ಬದಲಾಯಿಸಿದರು. ಇಲ್ಲಿ ಮತದಾನ ಶನಿವಾರವೇ. ಯಹೂದಿಗಳಿಗೆ ಅದು ಸಬ್ಬತ್, ಅಂದರೆ ಕೆಲಸ ಬಿಟ್ಟು ಆಚರಿಸುವ ವಾರದ ಪವಿತ್ರ ದಿನ. 2013ರಲ್ಲಿ ಪ್ರಧಾನಿ ಜೂಲಿಯಾ ಗಿಲ್ಲಾರ್ಡ್ ಮೊದಲು ಘೋಷಿಸಿದ ದಿನ ಅವರ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪುರ್ ಆಗಿತ್ತು. ಆದರೆ ಧಾರ್ಮಿಕ ಕಾರಣವಿದ್ದವರು ಮೊದಲೇ ಹೋಗಿ ಮತ ಹಾಕಬಹುದು, ಅಂಚೆಯಲ್ಲೂ ಕಳಿಸಬಹುದು.

ಇದು ನಮ್ಮಲ್ಲೂ ಬರಬೇಕು. 85 ದಾಟಿದವರ ಮನೆ ಬಾಗಿಲಿಗೇ ಹೋಗಿ ಮತ ಪಡೆಯುವ ನಮ್ಮ ಚುನಾವಣಾ ಆಯೋಗಕ್ಕೆ, ತಾಲ್ಲೂಕು ಕಚೇರಿಯಲ್ಲಿ ನಾಲ್ಕು ದಿನ ಮೊದಲೇ ಮತ ಹಾಕುವ ಏರ್ಪಾಡು ಮಾಡುವುದು ಆಗದ ಕೆಲಸವೇನಲ್ಲ. ಜಾತ್ರೆಗೆ ಹೋಗುವವರು, ಉಪವಾಸ ಇರುವವರು, ಯಾತ್ರೆಗೆ ಹೊರಟವರು ಮತ ಹಾಕಿಯೇ ಹೊರಡಬಹುದು.