ಇನ್ನೊಂದು ಮುಖ ಬೇಕೇ ಬೇಕು

ಆನ್‌ಲೈನ್ ಅಂಗಡಿಯಿಂದ ಕಂಪ್ಯೂಟರ್ ಆಟ ಇಳಿಸಿಕೊಳ್ಳುವ ಪ್ರೋಗ್ರಾಂಗಳ (ಕ್ಲೈಂಟ್‌ಗಳ) ಬಗೆಗಿನ ಲೇಖನದಲ್ಲಿ, 'ಕಂಪನಿಯೇ ಕ್ಲೈಂಟ್ ಕೊಟ್ಟಿರುವಾಗ ಓಪನ್ ಸೋರ್ಸ್‌ನಲ್ಲಿ (ಎಲ್ಲರಿಗೂ ತೆರೆದ ಕೋಡ್‌ನಲ್ಲಿ) ಇನ್ನೊಂದು ಕಟ್ಟುವುದು ದಂಡದ ಕೆಲಸ' ಎಂದು ಲೇಖಕರು ಬರೆದಿದ್ದಾರೆ. ಇದನ್ನು ನಾನು ಒಪ್ಪಲ್ಲ ಸರ್.

ನಾನು ಮೂಡಿಗೆರೆಯವನು. ಮನೆಯಲ್ಲಿರುವುದು 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್. ಆಟ ಮಾರುವ ಎಪಿಕ್ ಗೇಮ್ಸ್ ಕಂಪನಿ ಲಿನಕ್ಸ್‌ಗೆ ಲಾಂಚರ್ (ತನ್ನ ಕ್ಲೈಂಟ್) ಕೊಟ್ಟೇ ಇಲ್ಲ. ನನ್ನದೇ ಖಾತೆಯ ಆಟ ಇಳಿಸಿಕೊಳ್ಳಲು ದಾರಿಯಾಗಿದ್ದು ಲೆಜೆಂಡರಿ. ಪೈಥಾನ್ ಭಾಷೆಯಲ್ಲಿ ಬರೆದ, ಆದೇಶ ಟೈಪ್ ಮಾಡಿ ನಡೆಸುವ ಕಮಾಂಡ್ ಲೈನ್ ಪ್ರೋಗ್ರಾಂ ಅದು. ಬಟನ್ ಇಲ್ಲ, ಚಿತ್ರ ಇಲ್ಲ. ಆದರೆ ಲಾಗಿನ್, ಡೌನ್‌ಲೋಡ್, ಫೈಲ್ ಸರಿ ಇದೆಯಾ ಅಂತ ನೋಡುವುದು, ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಮೂಲಕ ಆಟ ಶುರು ಮಾಡುವುದು, ಎಲ್ಲಾ ಮಾಡುತ್ತದೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ: ಒಳಗಿನ ಕೆಲಸ ಬೇರೆ, ಹೊರಗಿನ ಮುಖ ಬೇರೆ. ಅದೇ ಲೆಜೆಂಡರಿ ಮೇಲೆ ಹೀರೋಯಿಕ್‌ನವರು ಎಲೆಕ್ಟ್ರಾನ್ ಎಂಬ ಸಾಧನ ಬಳಸಿ ಬಟನ್, ಚಿತ್ರಗಳ ಒಂದು ಮುಖ ಕಟ್ಟಿದರು, ರೇರ್‌ನವರು ಕ್ಯೂಟಿ ಎಂಬ ಬೇರೆ ಸಾಧನ ಬಳಸಿ ಇನ್ನೊಂದು. ನನಗೆ ರೇರ್ ಸಾಕು. ತಮ್ಮನಿಗೆ ಹೀರೋಯಿಕ್ಕೇ ಬೇಕು, ಜಿಒಜಿ ಎಂಬ ಇನ್ನೊಂದು ಅಂಗಡಿಯ ಆಟಗಳೂ ಅದರಲ್ಲೇ ಸಿಗುತ್ತವೆ ಅಲ್ವಾ.

ಇದು ಕದಿಯುವ ದಾರಿ ಅಲ್ಲ. ಖರೀದಿ ಆಯಾ ಕಂಪನಿಯ ಅಂಗಡಿಯಲ್ಲೇ, ಫೈಲ್ ಬರುವುದೂ ಅವರ ಸರ್ವರ್‌ನಿಂದಲೇ. ಕಂಪನಿ ಒಳಗೆ ಏನಾದರೂ ಬದಲಿಸಿದರೆ ಇವು ಕೈಕೊಡಬಹುದು, ಆ ಮಾತು ನಿಜ. ಆದರೆ ಕೋಡ್ ಜಿಪಿಎಲ್ 3 ಎಂಬ ಮುಕ್ತ ಪರವಾನಗಿಯ ಅಡಿ ತೆರೆದಿದೆ, ಯಾರು ಬೇಕಾದರೂ ಸರಿ ಮಾಡಬಹುದು.

ಹಾಸನ, ಚಿಕ್ಕಮಗಳೂರಿನ ಇಂಜಿನಿಯರಿಂಗ್ ಹುಡುಗ ಹುಡುಗಿಯರು ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನು ನೋಡಿ. ಮೊದಲು ಕನ್ನಡ ಅನುವಾದಕ್ಕೆ ಕೈ ಹಾಕಿದರೂ ಆಯಿತು. ನಾನೂ ಜೊತೆಗೆ ಕೂರುತ್ತೇನೆ.