ಉಳಿದ ಪುಟದಲ್ಲಿ ಉಪಕಾರಸ್ಮರಣೆ

ಹೊಸ ಕಥಾಸಂಕಲನವೊಂದರ ‘ನನ್ನ ಮಾತು’ ಈಗಷ್ಟೇ ಓದಿ ಮುಗಿಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಮುಖಪುಟ ಮಾಡಿದವರಿಗೆ ವಂದನೆ, ಡಿಟಿಪಿ ಮಾಡಿದವರಿಗೆ ವಂದನೆ, ಅಂದವಾಗಿ ಮುದ್ರಿಸಿದವರಿಗೆ ವಂದನೆ (ಅಚ್ಚಾಗುವ ಮೊದಲೇ ಅಂದ ಗೊತ್ತಾದದ್ದು ಹೇಗೋ!). ಕೊನೆಗೆ ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ ನೆರವಾದ ಎಲ್ಲರಿಗೂ’. ಮೊಟ್ಟಮೊದಲ ಕಥೆಯನ್ನು ಅಚ್ಚು ಹಾಕಿದ ಸಂಪಾದಕರು ಎಲ್ಲಪ್ಪಾ ಎಂದರೆ, ಆ ‘ಪರೋಕ್ಷ’ದೊಳಗೆ ಎಲ್ಲೋ ಒತ್ತಿಕೊಂಡು ಕೂತಿದ್ದಾರೆ.

ಇದರಲ್ಲಿ ಲೇಖಕರ ಮರೆವಿನಷ್ಟೇ ಅಚ್ಚಿನ ಲೆಕ್ಕಾಚಾರವೂ ಇದೆ. ಪುಸ್ತಕ ಸಾಮಾನ್ಯವಾಗಿ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟಗಳ ಕಂತೆಯ ಲೆಕ್ಕದಲ್ಲಿ ಅಚ್ಚಾಗುತ್ತದೆ. ಎಂಟು ಫಾರಂ ಎಂದರೆ 128 ಪುಟ. ಶೀರ್ಷಿಕೆ, ಪರಿವಿಡಿ, ಮುನ್ನುಡಿ, ಕಥೆ ಎಲ್ಲ ಸೇರಿ 126ಕ್ಕೆ ನಿಂತರೆ ಕೃತಜ್ಞತೆಗೆ ಎರಡು ಪುಟ. ಆಗ ಅಕ್ಷರ ತಿದ್ದಿಸಿದ ಮೇಷ್ಟ್ರಿಂದ ಹಿಡಿದು ಎಲ್ಲರಿಗೂ ಜಾಗ ಸಿಗುತ್ತದೆ. ಸರಿಯಾಗಿ 128ಕ್ಕೆ ಮುಗಿದರೆ ಉಪಕಾರಸ್ಮರಣೆಯನ್ನು ಸಣ್ಣಕ್ಷರಕ್ಕಿಳಿಸಿ ಹಕ್ಕುಸ್ವಾಮ್ಯದ ಪುಟದಲ್ಲಿ ಐಎಸ್‌ಬಿಎನ್ ಕೆಳಗೆ ತುರುಕುತ್ತಾರೆ. ಒಂದೇ ಒಂದು ಪುಟ ಹೆಚ್ಚಾದರೂ ಇನ್ನಷ್ಟು ಕಾಗದ ಬೇಕು. ಕಾಗದ ಖರ್ಚು ಮಾಡಿ ಋಣ ತೀರಿಸಿಕೊಡುವ ಪ್ರಕಾಶಕರು ಕಡಿಮೆ.

ಹೇಗೋ ಜಾಗ ಸಿಕ್ಕಿತು ಎನ್ನಿ. ಹೆಸರು ಸರಿಯಾಗಿ ಬರಬೇಡವೇ? ಕಥೆಗಳಿಗೆ ಎರಡು ಮೂರು ಸಲ ಪ್ರೂಫ್ ಆಗಿರುತ್ತದೆ. ಕೃತಜ್ಞತೆ ಮಾತ್ರ ಎಲ್ಲ ಮುಗಿದ ಮೇಲೆ, ಇನ್ನೇನು ಅಚ್ಚಿನ ಪ್ಲೇಟ್ ಮಾಡಬೇಕು ಎನ್ನುವಾಗ ಮೇಲ್‌ನಲ್ಲಿ ಬಂದಿಳಿಯುತ್ತದೆ. ಅದಕ್ಕೆ ಪ್ರೂಫೂ ಇಲ್ಲ, ಗೀಫೂ ಇಲ್ಲ. ಲೇಖಕರು ಹೊಡೆದದ್ದು ಹಳೆಯ ನುಡಿ ಫಾಂಟಿನಲ್ಲಿ, ಪುಟ ಕಟ್ಟುತ್ತಿರುವುದು ಯೂನಿಕೋಡ್‌ನಲ್ಲಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು (ಅಕ್ಷರದ ಪಕ್ಕ ಬರೆಯುವ ‘ರ್’ ಗುರುತು) ಕಣ್ಣಿಗೆ ಕಾಣುವ ಹಾಗೇ ಅಕ್ಷರದ ಆಮೇಲೆ ಇರುತ್ತದೆ; ಯೂನಿಕೋಡ್‌ನಲ್ಲಿ ನಾಲಿಗೆ ಹೇಳುವ ಕ್ರಮದಂತೆ ‘ರ್’ ಮೊದಲು ಬರಬೇಕು. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಈ ಅದಲುಬದಲು ಮಾಡದಿದ್ದರೆ ಕರ್ನಾಟಕ ‘ಕನಾರ್ಟಕ’ ಆಗುತ್ತದೆ. ಕರ್ನಾಟಕಕ್ಕೇನೋ ಅಭ್ಯಾಸವಾಗಿದೆ, ಸಹಿಸಿಕೊಳ್ಳುತ್ತದೆ. ಆದರೆ ನಿಮ್ಮನ್ನು ಲೇಖಕರನ್ನಾಗಿ ಮಾಡಿದ ಪುಣ್ಯಾತ್ಮರ ಹೆಸರು ಮೂರ್ತಿ ಎಂದಿದ್ದರೆ?

‘ಮೂತಿರ್’.

‘ನನ್ನ ಬರವಣಿಗೆಗೆ ದಾರಿ ತೋರಿದ ಮೂತಿರ್ ಅವರ ಪಾದಗಳಿಗೆ.’ ಮೇಲೆ ಮೂತಿ, ಕೆಳಗೆ ಪಾದ, ನಡುವೆ ಮನುಷ್ಯನೇ ಇಲ್ಲ. ಪುಟ ಕಟ್ಟುವವರು ಅತಿ ಜಾಣರಾಗಿದ್ದು, ಕೊನೆಯಲ್ಲಿ ನೇತಾಡುವ ‘ರ್’ ಏನೋ ಕಸ ಎಂದುಕೊಂಡು ಅಳಿಸಿಬಿಟ್ಟರಂತೂ ಮುಗಿಯಿತು. ಉಪಕಾರ ಮಾಡಿದವರು ಪುಸ್ತಕ ಕೈಗೆ ಬಂದೊಡನೆ ಮೊದಲು ತೆಗೆಯುವುದು ಇದೇ ಪುಟವನ್ನು, ಮೊದಲು ಹುಡುಕುವುದು ತಮ್ಮ ಹೆಸರನ್ನು. ಅದು ತಪ್ಪೇನಲ್ಲ, ಎಲ್ಲರೂ ಹಾಗೆಯೇ. ಆದ್ದರಿಂದ ಹೆಸರುಗಳನ್ನಾದರೂ ಯೂನಿಕೋಡ್‌ನಲ್ಲೇ ಹೊಸದಾಗಿ ಟೈಪ್ ಮಾಡಿ. ‘ರ್’ನಿಂದ ಮುಗಿಯುವ ಪದಗಳನ್ನು ಹುಡುಕಿ, ಸರ್, ಪೇಪರ್‌ಗಳನ್ನು ಬಿಟ್ಟರೆ ಉಳಿದವೆಲ್ಲ ಅನುಮಾನಾಸ್ಪದ. ವರ್ಡ್ ಫೈಲ್ ನೋಡಿ ‘ಓಕೆ’ ಅನ್ನಬೇಡಿ, ಅಚ್ಚಿಗೆ ಹೋಗುವ ಪಿಡಿಎಫ್ ತರಿಸಿ ಗಟ್ಟಿಯಾಗಿ ಓದಿ.

ಇನ್ನು ಒಕ್ಕಣೆ. ‘ಸದಾ ಪ್ರೋತ್ಸಾಹಿಸಿದ’ ಎಂದು ಬರೆಯುವವರಿಗೆ ಆ ಸಂಪಾದಕರು ಸದಾ ಪ್ರೋತ್ಸಾಹಿಸಿರಲಿಲ್ಲ ಎಂಬುದು ಚೆನ್ನಾಗಿ ಗೊತ್ತು. ಅವರು ಮೂರು ಕಥೆ ವಾಪಸು ಕಳಿಸಿ, ನಾಲ್ಕನೆಯದರ ಮೊದಲೆರಡು ಪ್ಯಾರಾ ಹೊಡೆದುಹಾಕಿದ್ದರು. ಅದನ್ನೇ ಬರೆಯಿರಿ ಸ್ವಾಮಿ! ಮೈಸೂರಿನಲ್ಲಿ ಓದುತ್ತ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಅವರಿಗೆ 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹೇಳಿದ್ದು, ಮಾತೃಭಾಷೆಯಲ್ಲಿ ಬರೆಯಿರಿ ಎಂದು. ಆ ವಯಸ್ಸಿನ ಯಾವ ಕವಿಗೂ ಹಿಡಿಸುವ ಮಾತಲ್ಲ ಅದು. ಕುವೆಂಪು ಅದನ್ನು ಪ್ರೋತ್ಸಾಹ ಗೀತ್ಸಾಹ ಎಂದು ಮೆತ್ತಗೆ ಮಾಡದೆ, ನಡೆದದ್ದನ್ನು ನಡೆದ ಹಾಗೆ ಹೇಳಿಕೊಂಡರು. ಅದಕ್ಕೇ ಕಸಿನ್ಸ್ ಹೆಸರು ನಮಗೂ ನೆನಪಿದೆ.

ತಡಮಾಡುವುದು ಇನ್ನೊಂದು ತೊಂದರೆ. ‘ದೊಡ್ಡ ಪುಸ್ತಕ ಬರಲಿ, ಅದನ್ನೇ ಅರ್ಪಿಸೋಣ’ ಎಂದು ಕಾಯುವವರಿದ್ದಾರೆ. ಕುವೆಂಪು ತಮ್ಮ ರಾಮಾಯಣ ಮಹಾಕಾವ್ಯವನ್ನು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಕಾವ್ಯ ಹೊರಬಂದದ್ದು 1949ರಲ್ಲಿ. ವೆಂಕಣ್ಣಯ್ಯನವರು ತೀರಿಕೊಂಡದ್ದು 1939ರಲ್ಲಿ. ಮಹಾಕಾವ್ಯಕ್ಕಾದರೆ ಅಷ್ಟು ವರ್ಷ ಬೇಕು, ಬೇರೆ ದಾರಿಯಿಲ್ಲ. ನಮ್ಮ ನಿಮ್ಮ 128 ಪುಟಕ್ಕೇನು ಧಾಡಿ? ಕಥೆ ಅಚ್ಚಾದ ವಾರವೇ ಒಂದು ಕಾರ್ಡು ಬರೆದು ಹಾಕಬಹುದು. ಅದಕ್ಕೆ ಫಾರಂ ಲೆಕ್ಕವೂ ಇಲ್ಲ, ಕನ್ವರ್ಟರೂ ಬೇಡ.

ಇಷ್ಟಾದರೂ ಮೂತಿರ್ ಅಚ್ಚಾಗಿಯೇ ಬಂದರೆ, ಅವರಿಗೆ ಕಳಿಸುವ ಪ್ರತಿಯಲ್ಲಾದರೂ ಪೆನ್ನಿನಿಂದ ತಿದ್ದಿ ಅಂಚೆಗೆ ಹಾಕಿ. ‘ಎರಡನೇ ಮುದ್ರಣದಲ್ಲಿ ಸರಿಮಾಡೋಣ ಬಿಡಿ’ ಎಂದು ಪ್ರಕಾಶಕರು ಸಮಾಧಾನ ಹೇಳುತ್ತಾರೆ. ಕಥಾಸಂಕಲನಕ್ಕೆ ಎರಡನೇ ಮುದ್ರಣವಂತೆ!