ಪಳಗಿದ ಕೈಗೂ ದಾಳದ ಶಿಕ್ಷೆ

ಭಾನುವಾರ ಸಂಜೆ ಕದ್ರಿಯ ಗೆಳೆಯನ ಮನೆಯಲ್ಲಿ ನಾವು ಐದು ಜನ ಆಡಲು ಕೂರುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕಿ ಕತೆ ಮುಂದುವರಿಸುವ ಆಟ; ಬಾಹ್ಯಾಕಾಶ ನೌಕೆ, ಮಂತ್ರ, ಬೆಳಕಿನ ಕತ್ತಿ ಎಲ್ಲವೂ ಇದೆ. ಅದನ್ನೆಲ್ಲ ಖುಷಿಯಿಂದ ನಂಬುತ್ತೇನೆ. ನಂಬಲು ಆಗದೇ ಇರುವುದು ದಾಳವನ್ನು.

ನನ್ನ ಪಾತ್ರ 30 ವರ್ಷ ಕತ್ತಿ ಹಿಡಿದವಳು. 20 ಮುಖದ ದಾಳದಲ್ಲಿ 1 ಬಿದ್ದರೆ ನಮ್ಮಲ್ಲಿ ಎಡವಟ್ಟು ಅಂತ ಲೆಕ್ಕ. 1 ಬಿತ್ತು, ಕತ್ತಿ ಜಾರಿ ಅವಳ ಕಾಲಿಗೇ ಬಿತ್ತು. 1 ಬೀಳುವ ಸಾಧ್ಯತೆ ಶೇ. 5. ಅಂದರೆ ಸರಾಸರಿ 20 ಏಟಿಗೊಮ್ಮೆ ಹೀಗೇ! ಮಲ್ಪೆಯಲ್ಲಿ ಅಂಜಲ್ ಕೊಯ್ಯುವ ಅಕ್ಕನನ್ನು ನೋಡಿ. ಗಿರಾಕಿ ಹತ್ತಿರ ಮಾತಾಡುತ್ತಲೇ ತುಂಡು ಹಾಕುತ್ತಾರೆ, ಒಂದೊಂದೂ ಒಂದೇ ದಪ್ಪ. 20 ಮೀನಿಗೊಮ್ಮೆ ಬೆರಳು ಕೊಯ್ದುಕೊಂಡರೆ ಒಂದೇ ವಾರದಲ್ಲಿ ಕೆಲಸ ಬಿಡಬೇಕಾಗುತ್ತಿತ್ತು. ಪಳಗಿದ ಕೈ ಅಂದ್ರೆ ಅದೇ ಅಲ್ವಾ?

ಅದರ ಬದಲು ಆರು ಮುಖದ ಮೂರು ದಾಳ ಹಾಕಿದರೆ ಮೂರರಲ್ಲೂ 1 ಬೀಳುವ ಸಾಧ್ಯತೆ 216ರಲ್ಲಿ ಒಂದು. 10, 11ರ ಆಸುಪಾಸಿನ ಮೊತ್ತವೇ ಜಾಸ್ತಿ. ಹೀಗೆ ಮೂರು ದಾಳದಲ್ಲಿ ಆಡುವ ಗರ್ಪ್ಸ್ ಎಂಬ ಇಂಥದ್ದೇ ಪಾತ್ರದಾಟ 1986ರಿಂದಲೇ ಇದೆ. ಇದನ್ನು ಹೇಳಿದರೆ ಗೆಳೆಯರು, "ಮಂತ್ರ ಇರುವ ಲೋಕಕ್ಕೆ ಎಂಥ ಲೆಕ್ಕ ಮಾರಾಯ!" ಅನ್ನುತ್ತಾರೆ. ಮಂತ್ರ ಇದೆ ಅಂತ ಅವಳು ಕಲಿತದ್ದು ಸುಳ್ಳಾಗಬೇಕಾ?

ಕಾಲಿನ ಗಾಯ ಇನ್ನೂ ವಾಸಿಯಾಗಿಲ್ಲ. ಮುಂದಿನ ಭಾನುವಾರವೂ ಅವಳು ಕುಂಟುತ್ತಲೇ ಹೋರಾಡಬೇಕು.